ನಡೆಯುವವರ ಪಾಲು

ಸಂಚಾರವು ಜೀವಿಯ ಸಹಜ ಧರ್ಮ. ಅನ್ನಕ್ಕಾಗಿ, ವಿದ್ಯೆಗಾಗಿ, ವ್ಯಾಪಾರಕ್ಕಾಗಿ, ದೇವದರ್ಶನಕ್ಕಾಗಿ, ರೋಗಿಯ ಶುಶ್ರೂಷೆಗಾಗಿ ಮನುಷ್ಯನು ಮನೆಯಿಂದ ಹೊರಡಲೇಬೇಕು. ಹೀಗೆ ಹೊರಟವನು ಸುರಕ್ಷಿತವಾಗಿ ಮರಳುವನೆಂಬ ಭರವಸೆಯನ್ನು ಅವನ ಊರು ಕೊಡಬೇಕು. ಆ ಭರವಸೆಯನ್ನು ಕೊಡುವ ಏರ್ಪಾಟಿಗೆ ನಗರ ಸಾರಿಗೆ ಯೋಜನೆ ಎಂದು ಹೆಸರು. ಅದು ಇಂಜಿನಿಯರರಿಗೂ ಅಧಿಕಾರಿಗಳಿಗೂ ಸೇರಿದ ವಿಷಯವೆಂದು ಗೃಹಸ್ಥರು ಸಾಮಾನ್ಯವಾಗಿ ಬದಿಗಿಡುತ್ತಾರೆ. ಆದರೆ ರಸ್ತೆಯಲ್ಲಿ ಯಾರಿಗೆ ಎಷ್ಟು ಜಾಗ ಎಂಬ ಪ್ರಶ್ನೆಯೊಳಗೆ ಹಿಂಸೆ-ಅಹಿಂಸೆಯ ವಿಚಾರವಿದೆ. ತನ್ನದಲ್ಲದುದನ್ನು ತೆಗೆದುಕೊಳ್ಳುವ ವಿಚಾರವೂ ಇದೆ. ಆದುದರಿಂದ ಅದು ಶ್ರಾವಕನು ಯೋಚಿಸಬೇಕಾದ ವಿಷಯವೂ ಆಗುತ್ತದೆ. ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರು ಎಂಬ ಮೂರು ಊರುಗಳನ್ನು ಎದುರಿಗಿಟ್ಟುಕೊಂಡು ಇದನ್ನು ವಿಚಾರಿಸುವುದು ಉಚಿತ. ಏಕೆಂದರೆ ದೊಡ್ಡ ನಗರಗಳಲ್ಲಿ ಕೈಮೀರಿ ಹೋಗಿರುವ ಅನೇಕ ಸಂಗತಿಗಳು ಇಂತಹ ಊರುಗಳಲ್ಲಿ ಇನ್ನೂ ಕೈಯಳತೆಯಲ್ಲಿವೆ.

ಒಂದು ದಾರಿ, ಮೂರು ಊರು

ಜೇವರ್ಗಿಯಿಂದ ಚಾಮರಾಜನಗರದವರೆಗೆ ಸಾಗುವ 150ಎ ಸಂಖ್ಯೆಯ ರಾಷ್ಟ್ರೀಯ ಹೆದ್ದಾರಿಯು ಲಿಂಗಸುಗೂರು, ಮಸ್ಕಿ, ಸಿಂಧನೂರುಗಳನ್ನು ಒಂದೇ ದಾರದಲ್ಲಿ ಪೋಣಿಸಿ ಸಿರುಗುಪ್ಪ, ಬಳ್ಳಾರಿಗಳ ಕಡೆಗೆ ಹೋಗುತ್ತದೆ. ಲಿಂಗಸುಗೂರು ನಿಜಾಮರ ಆಳ್ವಿಕೆಯಲ್ಲಿ 1905ರವರೆಗೆ ಜಿಲ್ಲೆಯೊಂದರ ಕೇಂದ್ರವಾಗಿತ್ತು. ಹಟ್ಟಿಯ ಚಿನ್ನದ ಗಣಿಯೂ ಮುದಗಲ್ಲಿನ ಕೋಟೆಯೂ ಆ ತಾಲ್ಲೂಕಿನಲ್ಲಿವೆ. ರಾಯಚೂರಿನಿಂದ ಬೆಳಗಾವಿಯ ಕಡೆಗೆ ಹೋಗುವ ದಾರಿಯೂ ಅಲ್ಲಿಯೇ ಕೂಡುತ್ತದೆ. ಸಿಂಧನೂರು ತುಂಗಭದ್ರೆಯ ಎಡದಂಡೆ ಕಾಲುವೆಯಿಂದ ಬೆಳೆದ ಊರು. 1953ರಲ್ಲಿ ಜಲಾಶಯ ಪೂರ್ಣಗೊಂಡು ಕಾಲುವೆಯಲ್ಲಿ ನೀರು ಹರಿದ ಮೇಲೆ ಜೋಳ ಬೆಳೆಯುತ್ತಿದ್ದ ಎರೆಭೂಮಿ ಭತ್ತದ ಗದ್ದೆಯಾಯಿತು, ಅಕ್ಕಿಯ ಗಿರಣಿಗಳು ಎದ್ದವು, ವರ್ತಕರು ಬಂದು ನೆಲೆಸಿದರು. 2011ರ ಜನಗಣತಿಯ ಹೊತ್ತಿಗೆ ಅದು ಸುಮಾರು 75 ಸಾವಿರ ಜನರ ಪಟ್ಟಣವಾಗಿತ್ತು. ಇವೆರಡರ ನಡುವೆ ಇರುವ ಮಸ್ಕಿಯು ಬಹುಕಾಲ ಲಿಂಗಸುಗೂರಿನ ಆಡಳಿತಕ್ಕೆ ಒಳಪಟ್ಟಿದ್ದು, 2018ರಲ್ಲಿ ತಾನೇ ತಾಲ್ಲೂಕು ಕೇಂದ್ರವಾಯಿತು.

ದಾರಿಯು ಊರನ್ನು ಬೆಳೆಸಿತು. ಊರು ದಾರಿಯ ಎರಡೂ ಬದಿಗೆ ಬೆಳೆಯಿತು. ಬಳ್ಳಾರಿಯ ಕಡೆಯಿಂದ ಬಂದ ಹತ್ತು ಚಕ್ರದ ಲಾರಿ, ಭತ್ತದ ಚೀಲಗಳನ್ನು ಹೇರಿದ ಟ್ರ್ಯಾಕ್ಟರು, ಸಾರಿಗೆ ಸಂಸ್ಥೆಯ ಬಸ್ಸು, ಹಳ್ಳಿಯ ಕೂಲಿಕಾರರನ್ನು ತುಂಬಿಕೊಂಡ ಕ್ರೂಸರು, ಸಂದುಗೊಂದಿನಲ್ಲಿ ನುಸುಳುವ ಟಂಟಂ, ಬೈಕು, ಸೈಕಲ್ಲು, ತಳ್ಳುಗಾಡಿ ಇವೆಲ್ಲವೂ ಒಂದೇ ಡಾಂಬರಿನ ಮೇಲೆ ಸಾಗಬೇಕು. ಇವುಗಳ ನಡುವೆ ಶಾಲೆಯ ಮಕ್ಕಳು, ತಾಲ್ಲೂಕು ಕಚೇರಿಗೆ ಬಂದ ರೈತರು, ಆಸ್ಪತ್ರೆಗೆ ಬಂದ ಬಸುರಿಯರು, ಸಂತೆಗೆ ಬಂದ ಮುದುಕಿಯರು ದಾರಿ ಹುಡುಕಿಕೊಳ್ಳಬೇಕು. ದೂರ ಹೋಗುವವನಿಗೆ ಆ ರಸ್ತೆ ಬೇಗ ದಾಟಬೇಕಾದ ಒಂದು ಅಡ್ಡಿ. ಊರಿನವನಿಗೆ ಅದೇ ಪೇಟೆ, ಅದೇ ಅಂಗಳ. ಒಂದೇ ನೆಲವನ್ನು ಎರಡು ಉದ್ದೇಶಗಳಿಗೆ ಬಳಸುವಾಗ ಬಲವುಳ್ಳ ಉದ್ದೇಶವು ಗೆಲ್ಲುತ್ತದೆ. ರಸ್ತೆಯಲ್ಲಿ ಬಲವೆಂದರೆ ತೂಕ ಮತ್ತು ವೇಗ. ಕಾಲ್ನಡಿಗೆಯವನಿಗೆ ಈ ಎರಡೂ ಇಲ್ಲ.

ಮಸ್ಕಿಯ ಬಂಡೆ

ಈ ಪ್ರಶ್ನೆ ಇಂದಿನದಲ್ಲ ಎಂಬುದಕ್ಕೆ ಮಸ್ಕಿಯೇ ಸಾಕ್ಷಿ. 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರು ಅಲ್ಲಿ ಚಿನ್ನದ ನಿಕ್ಷೇಪವನ್ನು ಹುಡುಕುತ್ತಿದ್ದಾಗ ಬಂಡೆಯೊಂದರ ಮೇಲೆ ಬ್ರಾಹ್ಮಿ ಲಿಪಿಯ ಶಾಸನವನ್ನು ಕಂಡನು. ಅಲ್ಲಿಯವರೆಗೆ ದೊರೆತಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ ಎಂಬಂತಹ ಬಿರುದು ಮಾತ್ರ ಇತ್ತು. ಮಸ್ಕಿಯ ಬಂಡೆಯಲ್ಲಿ ಅದರ ಜೊತೆಗೆ ಅಶೋಕ ಎಂಬ ಹೆಸರೂ ಇದ್ದಿತು. ಶಾಸನಗಳ ಕರ್ತೃ ಯಾರೆಂಬ ಪ್ರಶ್ನೆಗೆ ಅಲ್ಲಿ ನೇರವಾದ ಉತ್ತರ ದೊರೆಯಿತು. ಧರ್ಮದ ಫಲವು ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಾಮಾನ್ಯನೂ ಅದನ್ನು ಪಡೆಯಬಲ್ಲನು, ಇದನ್ನು ಚಿಕ್ಕವರಿಗೂ ದೊಡ್ಡವರಿಗೂ ತಿಳಿಸಬೇಕು ಎಂಬುದು ಆ ಶಾಸನದ ತಾತ್ಪರ್ಯ.

ಅದೇ ಅರಸನು ಬೇರೆಡೆಯ ಶಾಸನಗಳಲ್ಲಿ ದಾರಿಗಳ ವಿಷಯವನ್ನೂ ಹೇಳಿದ್ದಾನೆ. ಈಗ ದೆಹಲಿಯಲ್ಲಿರುವ ತೋಪ್ರಾ ಸ್ತಂಭದ ಏಳನೆಯ ಶಾಸನದಲ್ಲಿ ದಾರಿಯ ಬದಿಗೆ ಆಲದ ಮರಗಳನ್ನು ನೆಡಿಸಿದುದು, ಮಾವಿನ ತೋಪುಗಳನ್ನು ಬೆಳೆಸಿದುದು, ಅಂತರ ಅಂತರಕ್ಕೆ ಬಾವಿಗಳನ್ನು ತೋಡಿಸಿದುದು, ತಂಗುವ ಮನೆಗಳನ್ನು ಕಟ್ಟಿಸಿದುದು ಹೇಳಲ್ಪಟ್ಟಿದೆ. ಇವೆಲ್ಲವೂ ಮನುಷ್ಯರ ಮತ್ತು ಪಶುಗಳ ಉಪಯೋಗಕ್ಕಾಗಿ ಎಂದು ಅಲ್ಲಿ ಸ್ಪಷ್ಟವಾಗಿದೆ. ನೆರಳು ಬೇಕಾದುದು ಬಿಸಿಲಿನಲ್ಲಿ ನಡೆಯುವವನಿಗೆ. ನೀರು ಬೇಕಾದುದು ದಣಿದವನಿಗೆ ಮತ್ತು ಗಾಡಿಯೆಳೆದ ಎತ್ತಿಗೆ. ತಂಗುಮನೆ ಬೇಕಾದುದು ಒಂದೇ ಓಟದಲ್ಲಿ ಊರು ಸೇರಲಾರದವನಿಗೆ. ರಸ್ತೆಯನ್ನು ಯೋಜಿಸಿದವನ ಕಣ್ಣ ಮುಂದೆ ಇದ್ದವನು ಅತ್ಯಂತ ದುರ್ಬಲ ಪ್ರಯಾಣಿಕನು. ಎರಡು ಸಾವಿರ ವರ್ಷಗಳಿಗೂ ಹಿಂದಿನ ಈ ದೃಷ್ಟಿಯನ್ನು ಇಂದಿನ ನಗರ ಯೋಜಕರು ಬೇರೆ ಮಾತುಗಳಲ್ಲಿ ಹೇಳುತ್ತಾರೆ. ಭಾರತ ಸರಕಾರದ 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯು ವಾಹನಗಳನ್ನು ಸಾಗಿಸುವುದಕ್ಕಿಂತ ಜನರನ್ನು ಸಾಗಿಸುವುದು ಮುಖ್ಯವೆಂದು ಒಪ್ಪಿಕೊಂಡಿದೆ. ಅದನ್ನು ನೆಲದ ಮೇಲೆ ಇಳಿಸುವ ಕೆಲಸವು ಆಯಾ ಊರಿಗೆ ಸೇರಿದ್ದು.

ಪ್ರಮಾದವೂ ಹಿಂಸೆಯೇ

ಜೈನ ಆಚಾರಶಾಸ್ತ್ರವು ನಡಿಗೆಯನ್ನು ಒಂದು ವ್ರತದಷ್ಟು ಗಂಭೀರವಾಗಿ ಪರಿಗಣಿಸಿದೆ. ಈರ್ಯಾ ಸಮಿತಿಯ ಪ್ರಕಾರ ಮುನಿಯು ಸೂರ್ಯನ ಬೆಳಕಿನಲ್ಲಿ, ಜನರು ತುಳಿದ ದಾರಿಯಲ್ಲಿ, ನಾಲ್ಕು ಮೊಳದಷ್ಟು ಮುಂದಿನ ನೆಲವನ್ನು ನೋಡುತ್ತ, ಯಾವ ಜೀವಕ್ಕೂ ನೋವಾಗದಂತೆ ಹೆಜ್ಜೆಯಿಡಬೇಕು. ಮಳೆಗಾಲದಲ್ಲಿ ನೆಲದ ಮೇಲೆ ಜೀವರಾಶಿ ಹೆಚ್ಚುವುದರಿಂದ ಸಂಚಾರವನ್ನೇ ನಿಲ್ಲಿಸಿ ಚಾತುರ್ಮಾಸ ಕೈಗೊಳ್ಳಬೇಕು. ಕೊಲ್ಲುವ ಉದ್ದೇಶವಿಲ್ಲದಿದ್ದರೂ ಎಚ್ಚರಗೇಡಿತನದಿಂದ ಪ್ರಾಣಹಾನಿಯಾದರೆ ಅದು ಹಿಂಸೆಯೇ ಎಂಬುದು ಇದರ ಹಿಂದಿರುವ ತತ್ತ್ವ. ಪ್ರಮಾದವು ಹಿಂಸೆಯ ಮೂಲ.

ಈ ತತ್ತ್ವವನ್ನು ಹಿಡಿದು ದೇಶದ ರಸ್ತೆಗಳನ್ನು ನೋಡಿದರೆ ಮನಸ್ಸು ಕುಗ್ಗುತ್ತದೆ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನರು ಪ್ರಾಣ ಕಳೆದುಕೊಂಡರು. ಅವರಲ್ಲಿ 32,825 ಮಂದಿ ಪಾದಚಾರಿಗಳು. ಇವರಲ್ಲಿ ಯಾರನ್ನೂ ಕೊಲ್ಲಬೇಕೆಂದು ಯಾರೂ ಹೊರಟಿರಲಿಲ್ಲ. ಚಾಲಕನ ಪ್ರಮಾದ, ದಾಟುವವನ ಪ್ರಮಾದ ಎಂದು ಪ್ರತಿಯೊಂದು ಸಾವಿಗೂ ಪ್ರತ್ಯೇಕ ಕಾರಣ ಬರೆಯಬಹುದು. ಆದರೆ ನಡೆಯಲು ಜಾಗವನ್ನೇ ಬಿಡದೆ ರಸ್ತೆ ಮಾಡಿದ್ದು, ಶಾಲೆಯ ಮುಂದೆ ವೇಗವನ್ನು ತಗ್ಗಿಸುವ ಉಬ್ಬು ಹಾಕದೆ ಬಿಟ್ಟದ್ದು, ದಾಟುವ ಕಡೆ ದೀಪ ಹಾಕದೆ ಇದ್ದದ್ದು ಇವು ಸಮುದಾಯದ ಪ್ರಮಾದಗಳು. ವಾಹನದ ವೇಗ ಇಮ್ಮಡಿಯಾದರೆ ಅದರ ಹೊಡೆತದ ಶಕ್ತಿ ನಾಲ್ಮಡಿಯಾಗುತ್ತದೆ. ಗಂಟೆಗೆ 30 ಕಿಲೋಮೀಟರಿನ ವೇಗದಲ್ಲಿ ತಾಗಿದರೆ ಬದುಕುವವರೇ ಹೆಚ್ಚು. ವೇಗ ಏರಿದಂತೆ ಆ ಆಸೆ ಬೇಗಬೇಗನೆ ಕ್ಷೀಣಿಸುತ್ತದೆ. 2020ರಲ್ಲಿ ಸ್ಟಾಕ್‌ಹೋಮ್ ನಗರದಲ್ಲಿ ನಡೆದ ಜಾಗತಿಕ ಸಮ್ಮೇಳನವು ಜನರೂ ವಾಹನಗಳೂ ಬೆರೆಯುವ ರಸ್ತೆಗಳಲ್ಲಿ 30 ಕಿಲೋಮೀಟರಿನ ಮಿತಿಯನ್ನು ಘೋಷಣೆಯಲ್ಲಿ ಸೇರಿಸಿದ್ದು ಈ ಕಾರಣದಿಂದಲೇ.

ವಿಹಾರದಲ್ಲಿದ್ದ ಸಾಧು-ಸಾಧ್ವಿಯರು ನಸುಕಿನಲ್ಲಿ ಹೆದ್ದಾರಿಯ ಅಂಚಿನಲ್ಲಿ ಬರಿಗಾಲಲ್ಲಿ ನಡೆಯುವಾಗ ವಾಹನಕ್ಕೆ ಸಿಲುಕಿ ಪ್ರಾಣಬಿಟ್ಟ ವಾರ್ತೆಗಳು ದೇಶದ ಹಲವು ಭಾಗಗಳಿಂದ ಬಂದಿವೆ. ಅಂತಹ ವಾರ್ತೆ ಬಂದಾಗ ಸಮಾಜವು ತಲ್ಲಣಿಸುತ್ತದೆ. ಮುಂದಿನ ವಿಹಾರಕ್ಕೆ ಯುವಕರು ಜೊತೆಗೆ ಹೋಗುತ್ತಾರೆ, ಹಿಂದೊಂದು ವಾಹನ ದೀಪ ಹಾಕಿಕೊಂಡು ಬರುತ್ತದೆ. ಇದು ಸ್ತುತ್ಯವಾದ ಕೆಲಸ. ಆದರೆ ಅದೇ ಅಂಚಿನಲ್ಲಿ, ಅದೇ ನಸುಕಿನಲ್ಲಿ, ನಾಟಿಯ ಕೆಲಸಕ್ಕೆ ಹೊರಟ ಹೆಂಗಸರು ವರ್ಷವಿಡೀ ನಡೆಯುತ್ತಾರೆ. ಅವರ ಹಿಂದೆ ದೀಪದ ವಾಹನ ಬರುವುದಿಲ್ಲ. ಮುನಿಗಳ ಹೆಜ್ಜೆಗೆ ಸುರಕ್ಷಿತವಾದ ಅಂಚೊಂದನ್ನು ರಸ್ತೆಯಲ್ಲಿಯೇ ಶಾಶ್ವತವಾಗಿ ಕೇಳಿ ಪಡೆದರೆ, ಅದರ ಮೇಲೆ ನಡೆಯುವವರು ಆ ಹೆಂಗಸರೂ ಆಗುತ್ತಾರೆ.

ಎರಡೂವರೆ ಅಡಿಯ ಕಟ್ಟೆ

ಈ ಭಾಗದ ಒಂದು ಊರಿನ ವರ್ತಕ ಕುಟುಂಬದಲ್ಲಿ ಹಿರಿಯ ಶ್ರಾವಿಕೆಯೊಬ್ಬರು ಮದುವೆಯಾಗಿ ಬಂದಂದಿನಿಂದ ಬೆಳಗಿನ ಹೊತ್ತು ಜಿನಮಂದಿರಕ್ಕೆ ನಡೆದೇ ಹೋಗುತ್ತಿದ್ದರು. ದೂರ ಹೆಚ್ಚೇನಲ್ಲ, ಹತ್ತು ನಿಮಿಷದ ದಾರಿ. ವಯಸ್ಸಾದಂತೆ ಹತ್ತು ನಿಮಿಷವು ಇಪ್ಪತ್ತಾಯಿತು. ಆದರೂ ನಡೆಯುವುದನ್ನು ಬಿಟ್ಟಿರಲಿಲ್ಲ. ಕೊನೆಗೆ ಬಿಟ್ಟದ್ದು ಕಾಲಿನ ಕಾರಣದಿಂದಲ್ಲ, ದಾರಿಯ ಕಾರಣದಿಂದ. ಚರಂಡಿಯ ಮೇಲೆ ಹಾಸಿದ್ದ ಚಪ್ಪಡಿಗಳ ಮೇಲೆ ಒಂದೊಂದೇ ಅಂಗಡಿಯ ಕಟ್ಟೆ ಏರಿತು. ಕಟ್ಟೆಯ ಮುಂದೆ ತಗಡಿನ ಚಪ್ಪರ, ಚಪ್ಪರದ ಕೆಳಗೆ ಸರಕು, ಸರಕಿನ ಮುಂದೆ ಗಿರಾಕಿಗಳ ಬೈಕುಗಳು ಬಂದವು. ನಡೆಯುವವರು ಡಾಂಬರಿಗೆ ಇಳಿಯಬೇಕಾಯಿತು. ಒಂದು ದಿನ ಟ್ರ್ಯಾಕ್ಟರಿನ ಟ್ರೇಲರು ಸೆರಗಿಗೆ ತಾಗಿ ಹೋದ ಮೇಲೆ ಅವರು ಮನೆಯಲ್ಲಿಯೇ ಕುಳಿತು ಜಪ ಮಾಡತೊಡಗಿದರು.

ಮಗನು ಕಾರಿನಲ್ಲಿ ಕರೆದೊಯ್ಯುವೆನೆಂದನು. ಅವರು ಒಪ್ಪಿ ಒಂದೆರಡು ದಿನ ಹೋದರು. ಆಮೇಲೆ, "ನಿನ್ನ ಅಂಗಡಿಯ ಹೊತ್ತು ಕೆಡುತ್ತದೆ ತಮ್ಮಾ. ಅಲ್ಲದೆ ದೇವರ ಕಡೆಗೆ ನಾಲ್ಕು ಹೆಜ್ಜೆ ನನ್ನ ಕಾಲಿನಲ್ಲಿಯೇ ಇಡಬೇಕೆಂದು ಆಸೆ" ಎಂದರು. ಮಗನು ಆ ಊರಿನ ವ್ಯವಸ್ಥೆಯನ್ನು ಬೈಯುತ್ತ, ದಾರಿಯಲ್ಲಿ ಅಡ್ಡಗಟ್ಟಿದವರ ಹೆಸರುಗಳನ್ನು ಒಂದೊಂದಾಗಿ ಹೇಳತೊಡಗಿದನು. ತಾಯಿ ಎಲ್ಲವನ್ನೂ ಕೇಳಿ, "ನಮ್ಮ ಅಂಗಡಿಯ ಮುಂದೆ ಯಾರ ತಾಯಿ ನಡೆಯಬೇಕೋ, ಅವರೂ ಕೆಳಗೆ ಇಳಿದೇ ಹೋಗಬೇಕಲ್ಲವೆ?" ಎಂದು ಕೇಳಿದರು. ಅದರಲ್ಲಿ ಆಕ್ಷೇಪಣೆಯ ಧ್ವನಿ ಇರಲಿಲ್ಲ. ಮಗನು ಅಂಗಡಿಗೆ ಬಂದು ಅಳೆದು ನೋಡಿದನು. ತನ್ನ ಕಟ್ಟೆಯು ಕಾಗದಪತ್ರದಲ್ಲಿದ್ದ ಎಲ್ಲೆಯಿಂದ ಎರಡೂವರೆ ಅಡಿ ಮುಂದಿತ್ತು. ತಂದೆಯ ಕಾಲದಲ್ಲಿ ಕಟ್ಟಿದ್ದು. ಯಾರೂ ಕೇಳಿರಲಿಲ್ಲ, ಯಾರೂ ಕೊಟ್ಟೂ ಇರಲಿಲ್ಲ.

ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದಕ್ಕೆ ಅದತ್ತಾದಾನ ಎಂದು ಹೆಸರು. ಅಸ್ತೇಯ ವ್ರತವು ತ್ಯಜಿಸಬೇಕೆನ್ನುವುದು ಅದನ್ನೇ. ತೂಕದಲ್ಲಿ, ಅಳತೆಯಲ್ಲಿ ಮೋಸ ಮಾಡುವುದು ಆ ವ್ರತದ ಅತಿಚಾರವೆಂದು ಚಿಕ್ಕಂದಿನಲ್ಲಿಯೇ ಕಲಿತ ವರ್ತಕನು ಒಂದು ತೊಲೆ ಬಂಗಾರದಲ್ಲಿ ಗುಲಗಂಜಿಯಷ್ಟೂ ವ್ಯತ್ಯಾಸ ಬರಗೊಡುವುದಿಲ್ಲ. ಆದರೆ ಊರಿನ ನೆಲದ ಅಳತೆಯಲ್ಲಿ ಅದೇ ಎಚ್ಚರವಿರುವುದು ಅಪರೂಪ. ಸಾರ್ವಜನಿಕ ನೆಲಕ್ಕೆ ಒಡೆಯನಿಲ್ಲವೆಂಬ ಭಾವನೆ ಇದಕ್ಕೆ ಕಾರಣ. ವಾಸ್ತವದಲ್ಲಿ ಅದಕ್ಕೆ ಒಡೆಯರು ಸಾವಿರಾರು ಮಂದಿ. ಅವರು ಬಾಗಿಲಿಗೆ ಬಂದು ಕೇಳುವುದಿಲ್ಲ, ಅಷ್ಟೇ. ಆ ವರ್ತಕನು ಕಟ್ಟೆಯನ್ನು ಒಡೆಸಿ, ಅಂಗಡಿಯ ಹೊಸ್ತಿಲಿನ ಒಳಗೆ ಇಳಿಜಾರು ಮಾಡಿಸಿದನು. ಪಕ್ಕದವರು ನಕ್ಕರು. ಒಬ್ಬನು ಮಾತ್ರ ಕೆಲವು ತಿಂಗಳ ಮೇಲೆ ತನ್ನ ಚಪ್ಪರವನ್ನು ಹಿಂದೆ ಸರಿಸಿದನು. ತಾಯಿಯ ದಾರಿ ಅಷ್ಟರಿಂದಲೇ ತೆರವಾಗಲಿಲ್ಲ. ಮಂದಿರದವರೆಗೆ ಇನ್ನೂ ಎಷ್ಟೋ ಅಂಗಡಿಗಳಿದ್ದವು, ದಾಟಬೇಕಾದ ಒಂದು ಚೌಕವಿತ್ತು. ಒಬ್ಬನ ವ್ರತದಿಂದ ಆಗುವುದೆಷ್ಟು, ಊರು ಕೂಡಿ ಮಾಡಬೇಕಾದುದೆಷ್ಟು ಎಂಬುದು ಇದರಿಂದ ತಿಳಿಯುತ್ತದೆ.

ಊರು ಮಾಡಬೇಕಾದುದು

ಪಾದಚಾರಿ ಮಾರ್ಗ, ಅಂದರೆ ಜನರ ಮಾತಿನ ಫುಟ್‌ಪಾತ್, ಹೇಗಿರಬೇಕೆಂಬುದಕ್ಕೆ ದೇಶದಲ್ಲಿ ಮಾನದಂಡಗಳಿವೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯಂತೆ ನಡೆಯಲು ತಡೆಯಿಲ್ಲದ ಜಾಗವು ಕನಿಷ್ಠ 1.8 ಮೀಟರ್, ಅಂದರೆ ಸುಮಾರು ಆರು ಅಡಿ ಅಗಲವಿರಬೇಕು; ಅದರ ಅಂಚು ರಸ್ತೆಯಿಂದ 150 ಮಿಲಿಮೀಟರಿಗಿಂತ, ಅಂದರೆ ಅರ್ಧ ಅಡಿಗಿಂತ ಎತ್ತರವಿರಬಾರದು. ಎರಡು ಗಾಲಿಕುರ್ಚಿಗಳು ಎದುರುಬದುರಾಗಿ ಹಾದುಹೋಗುವಷ್ಟು ಅಗಲ ಅದು. 2025ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಪಾದಚಾರಿಗಳು ಫುಟ್‌ಪಾತನ್ನು ಬಳಸುವ ಹಕ್ಕು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನಲ್ಲಿಯೇ ಅಡಕವಾಗಿದೆಯೆಂದು ಹೇಳಿತು. ಫುಟ್‌ಪಾತ್‌ಗಳು ಅಂಗವಿಕಲರಿಗೂ ಬಳಸಲು ಬರುವಂತೆ ಇರಬೇಕೆಂದೂ ಒತ್ತುವರಿಯನ್ನು ತೆರವು ಮಾಡಬೇಕೆಂದೂ ಸೂಚಿಸಿತು. ಬೀದಿಯ ಒತ್ತುವರಿಯನ್ನು ತೆಗೆಯುವ ಅಧಿಕಾರವು 1964ರ ಕರ್ನಾಟಕ ಪೌರಸಭೆಗಳ ಕಾಯಿದೆಯಿಂದ ಸ್ಥಳೀಯ ಸಂಸ್ಥೆಗಳಿಗೆ ಮೊದಲೇ ದೊರೆತಿದೆ.

ಆದರೆ ತೆರವು ಎಂದೊಡನೆ ಮೊದಲ ಪೆಟ್ಟು ಬೀಳುವುದು ತಳ್ಳುಗಾಡಿಯ ಬಡವನ ಮೇಲೆ. ಇದು ನ್ಯಾಯವಲ್ಲ. ಬಾಳೆಹಣ್ಣಿನ ಬುಟ್ಟಿ ಇಟ್ಟುಕೊಂಡು ಕುಳಿತವಳು ಹಿಡಿದ ಜಾಗಕ್ಕಿಂತ ಒಂದು ಕಾರು ನಿಂತ ಜಾಗ ಎಷ್ಟೋ ಪಟ್ಟು ಹೆಚ್ಚು. ಕಾಂಕ್ರೀಟಿನ ಕಟ್ಟೆಯಂತೂ ರಾತ್ರಿಯಾದರೂ ಕದಲುವುದಿಲ್ಲ. ಬೀದಿಬದಿ ವ್ಯಾಪಾರಿಗಳ 2014ರ ಕಾಯಿದೆಯು ಅವರಿಗೆ ಜಾಗ ಗುರುತಿಸಿಕೊಡಬೇಕೆಂದು ಹೇಳುತ್ತದೆ. ನಡೆಯುವವರಿಗೆ ಆರು ಅಡಿ ಬಿಟ್ಟು, ಅದರ ಆಚೆಗೆ ವ್ಯಾಪಾರಿಗೆ ನೆರಳಿನ ಜಾಗ ಕೊಟ್ಟರೆ ಇಬ್ಬರೂ ಬದುಕುತ್ತಾರೆ.

ಅಂಗಡಿಯ ಮುಂದೆ ವಾಹನ ನಿಲ್ಲದಿದ್ದರೆ ವ್ಯಾಪಾರ ಕೆಡುವುದೆಂಬ ಭಯ ವರ್ತಕರಲ್ಲಿ ಸಹಜ. ಕೊಲಂಬಿಯಾ ದೇಶದ ಬೊಗೋಟಾ ನಗರದಲ್ಲಿ ಎನ್ರಿಕೆ ಪೆನ್ಯಲೋಸಾ ಅವರು 1998ರಲ್ಲಿ ಮೇಯರ್ ಆಗಿ ಬಂದು ಫುಟ್‌ಪಾತಿನ ಮೇಲಿನ ಕಾರುಗಳನ್ನು ತೆಗೆಸಿದಾಗ ವರ್ತಕರು ತೀವ್ರವಾಗಿ ವಿರೋಧಿಸಿದ್ದರು. ಸ್ಪೇನ್ ದೇಶದ ಪೊಂತೆವೆದ್ರಾ ಎಂಬ ಊರು ಜನಸಂಖ್ಯೆಯಲ್ಲಿ ಸಿಂಧನೂರಿಗೆ ಹತ್ತಿರವಾದದ್ದು. ಅಲ್ಲಿ 1999ರಿಂದ ಊರ ನಡುವಿನ ಬೀದಿಗಳನ್ನು ನಡೆಯುವವರಿಗೆ ಬಿಟ್ಟುಕೊಟ್ಟು, ಸರಕಿನ ವಾಹನ ಹಾಗೂ ನಿವಾಸಿಗಳ ವಾಹನಗಳಿಗೆ ಮಾತ್ರ ಮಿತವಾದ ಅವಕಾಶವಿಟ್ಟರು. ಊರಿನ ನಡುವೆ ಅಪಘಾತದ ಸಾವುಗಳು ಬಹುಮಟ್ಟಿಗೆ ನಿಂತುಹೋದವು. ಬೀದಿಗಳು ಜನರಿಂದ ತುಂಬಿದವು. ಯಾವ ಸ್ಥಳದಿಂದ ಯಾವ ಸ್ಥಳಕ್ಕೆ ಎಷ್ಟು ನಿಮಿಷದ ನಡಿಗೆ ಎಂದು ತೋರಿಸುವ ನಕ್ಷೆಯನ್ನೂ ಆ ಪೌರಸಭೆ ಪ್ರಕಟಿಸಿತು. ಕಾರು ನಿಲ್ಲುವ ಜಾಗದಲ್ಲಿ ಒಬ್ಬ ಗಿರಾಕಿ ಇಳಿಯುತ್ತಾನೆ. ನಡೆಯಲು ಬರುವ ಬೀದಿಯಲ್ಲಿ ನೂರು ಗಿರಾಕಿಗಳು ಅಂಗಡಿಯ ಬಾಗಿಲನ್ನು ನೋಡುತ್ತ ಹಾಯುತ್ತಾರೆ. ಈ ಲೆಕ್ಕವನ್ನು ವರ್ತಕನಿಗಿಂತ ಚೆನ್ನಾಗಿ ಬಲ್ಲವರಿಲ್ಲ.

ಹೊರವರ್ತುಲ ರಸ್ತೆಯಾದರೆ ಎಲ್ಲವೂ ಸರಿಹೋಗುವುದೆಂದು ಹಲವರು ಹೇಳುತ್ತಾರೆ. ದೂರದ ಲಾರಿಗಳು ಊರಿನ ಹೊರಗೆ ಹೋಗುವುದು ಅಗತ್ಯವೇ. ಆದರೆ ಆ ರಸ್ತೆಯ ಎರಡೂ ಬದಿಗೆ ಮತ್ತೆ ಬಡಾವಣೆ, ಗೋದಾಮು, ಹೋಟೆಲುಗಳು ಬಂದರೆ ಹೊಸ ರಸ್ತೆಯೂ ಹಳೆಯ ಪೇಟೆಯಂತೆಯೇ ಆಗುತ್ತದೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಂತೆ ನೆಲದ ಬಳಕೆಯನ್ನು ಮುಂಚಿತವಾಗಿ ಗೊತ್ತುಪಡಿಸುವುದು ಆದ್ದರಿಂದಲೇ ಮುಖ್ಯ. ಇಂತಹ ಊರುಗಳಿಗೆ ಮೇಲ್ಸೇತುವೆಯೂ ಬೇಡ, ಮೆಟ್ರೋವೂ ಬೇಡ. ಊರ ನಡುವಿನಿಂದ ಯಾವ ದಿಕ್ಕಿಗೆ ಹೊರಟರೂ ಅರ್ಧ ಗಂಟೆಯ ನಡಿಗೆಯಲ್ಲಿ ಬಹುಪಾಲು ಓಣಿಗಳನ್ನು ಮುಟ್ಟಬಹುದು. ಸೈಕಲ್ಲಾದರೆ ಹತ್ತು ನಿಮಿಷ ಸಾಕು. ಬೇಸಿಗೆಯಲ್ಲಿ 40 ಡಿಗ್ರಿ ಮೀರುವ ರಾಯಚೂರು ಸೀಮೆಯ ಬಿಸಿಲಿನಲ್ಲಿ ಬೇವು, ಹೊಂಗೆಗಳ ನೆರಳಿರುವ ಫುಟ್‌ಪಾತು, ಶಾಲೆ ಮತ್ತು ಆಸ್ಪತ್ರೆಗಳ ಮುಂದೆ ರಸ್ತೆಯುಬ್ಬು, ದಾಟುವ ಕಡೆ ಬಿಳಿಯ ಪಟ್ಟೆ ಮತ್ತು ದೀಪ, ಅಗಲವಾದ ರಸ್ತೆಯ ನಡುವೆ ನಿಂತು ಉಸಿರು ತೆಗೆದುಕೊಳ್ಳಲು ಒಂದು ಕಟ್ಟೆ ಇಷ್ಟು ದೊರೆತರೆ ದೊಡ್ಡ ಕೆಲಸವೇ ಆದಂತೆ.

ಮೆಟ್ಟಿಲು ಹತ್ತಲಾರದವರು

2011ರ ಜನಗಣತಿಯು ದೇಶದಲ್ಲಿ 2.68 ಕೋಟಿ ಅಂಗವಿಕಲರನ್ನು ಎಣಿಸಿತು. ಮಂಡಿನೋವಿನ ಮುದುಕರು, ಬಸುರಿಯರು, ಕಂಕುಳಲ್ಲಿ ಕೂಸು ಹೊತ್ತವರು ಆ ಎಣಿಕೆಯಲ್ಲಿಲ್ಲ. ಎಲ್ಲರೂ ತಮ್ಮ ಜೀವನದ ಯಾವುದೋ ಒಂದು ಕಾಲದಲ್ಲಿ ಮೆಟ್ಟಿಲಿಗೆ ಹೆದರುವವರೇ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಬಸ್ ನಿಲ್ದಾಣ, ರೈಲು ನಿಲ್ದಾಣ, ವಾಹನ, ರಸ್ತೆ ಇವೆಲ್ಲವೂ ಅವರಿಗೆ ಒದಗಬೇಕೆಂದು ವಿಧಿಸುತ್ತದೆ. ಇಳಿಜಾರಿನ ಲೆಕ್ಕ ಸುಲಭ: ಒಂದಕ್ಕೆ ಹನ್ನೆರಡು. ಅರ್ಧ ಅಡಿ ಎತ್ತರದ ಮೆಟ್ಟಿಲಿಗೆ ಆರು ಅಡಿ ಉದ್ದದ ಇಳಿಜಾರು ಬೇಕು. ಅದಕ್ಕಿಂತ ಕಡಿದಾದರೆ ಗಾಲಿಕುರ್ಚಿಯವನಿಗೆ ಅದು ಅಲಂಕಾರ ಮಾತ್ರ.

ಸಾರ್ವಜನಿಕ ಸಾರಿಗೆಯ ವಿಷಯದಲ್ಲಿ ಈ ಭಾಗಕ್ಕೆ ಕೆಲವು ಶುಭ ಬದಲಾವಣೆಗಳು ಬಂದಿವೆ. 2000ದಲ್ಲಿ ಈಶಾನ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯಾಗಿ ಹುಟ್ಟಿ 2021ರಲ್ಲಿ ಕಲ್ಯಾಣ ಕರ್ನಾಟಕದ ಹೆಸರು ಪಡೆದ ಸಂಸ್ಥೆಯ ಬಸ್ಸುಗಳೇ ಹಳ್ಳಿಗಳ ಆಧಾರ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಗಿ ಮಹಿಳೆಯರಿಗೆ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣ ದೊರೆಯಿತು. 1997–98ರ ರೈಲ್ವೆ ಮುಂಗಡಪತ್ರದಲ್ಲಿ ಮಂಜೂರಾದ ಮುನಿರಾಬಾದ್–ಮಹಬೂಬನಗರ ಮಾರ್ಗದಲ್ಲಿ 2024ರಲ್ಲಿ ಸಿಂಧನೂರಿಗೆ ರೈಲು ಬಂದಿತು. ಲಿಂಗಸುಗೂರಿನ ಮೂಲಕ ಹಾಯುವಂತೆ ಯೋಜಿಸಿದ ಗದಗ–ವಾಡಿ ಮಾರ್ಗದಲ್ಲಿ 2025ರಲ್ಲಿ ಕುಷ್ಟಗಿಯವರೆಗೆ ಸಂಚಾರ ತೆರೆಯಿತು. ಬಸ್ಸಿನ ಟಿಕೆಟ್ಟು ಉಚಿತವಾದರೂ ಬಸ್ ನಿಲ್ದಾಣದವರೆಗೆ ನಡೆಯುವ ದಾರಿ ಅಪಾಯಕರವಾದರೆ, ರೈಲು ಬಂದರೂ ನಿಲ್ದಾಣದಿಂದ ಊರಿಗೆ ಬರಲು ಬೆಳಕಿರುವ ಫುಟ್‌ಪಾತಾಗಲಿ ಬಸ್ಸಾಗಲಿ ಇಲ್ಲವಾದರೆ, ಆ ಸೌಕರ್ಯ ಅರ್ಧವೇ ದೊರೆತಂತೆ. ರೈಲು ನಿಲ್ದಾಣದ ಸುತ್ತಲಿನ ಹೊಲಗಳು ನಿವೇಶನಗಳಾಗುವ ಮೊದಲೇ ಅಲ್ಲಿಯ ರಸ್ತೆಗೆ ಅಗಲವನ್ನೂ ನಡಿಗೆಯ ಪಾಲನ್ನೂ ಗೊತ್ತುಮಾಡಬೇಕು. ನಿವೇಶನ ಮಾರಿದ ಮೇಲೆ ಒಂದು ಅಡಿ ನೆಲವೂ ಸಿಗುವುದಿಲ್ಲ.

ಗೃಹಸ್ಥನ ಪಾಲಿಗೆ ಪರಿಗ್ರಹ ಪರಿಮಾಣದ ಮಾತೂ ಇಲ್ಲಿ ಬರುತ್ತದೆ. ಮನೆಯಲ್ಲಿ ಎಷ್ಟು ಜನರೋ ಅಷ್ಟು ವಾಹನ ಎಂಬ ರೂಢಿ ಊರೂರಿಗೂ ಬಂದಿದೆ. ಕೂಗಳತೆಯ ಅಂಗಡಿಗೂ ಬೈಕಿನಲ್ಲಿ ಹೋಗುವುದು ಪ್ರಯೋಜನವಿಲ್ಲದ ಹಿಂಸೆ. ಅನರ್ಥದಂಡ ವ್ರತವು ಎಚ್ಚರಿಸುವ ಪ್ರಮಾದಚರ್ಯೆಗೆ ಅದು ತಕ್ಕ ಉದಾಹರಣೆ. ಐವತ್ತು ಜನರನ್ನು ಒಯ್ಯುವ ಒಂದು ಬಸ್ಸು ಹಿಡಿಯುವ ನೆಲದಲ್ಲಿ ಎರಡು ಮೂರು ಕಾರುಗಳಷ್ಟೇ ನಿಲ್ಲಬಲ್ಲವು. ಇಂಧನ, ಹೊಗೆ, ನೆಲ ಈ ಮೂರರಲ್ಲಿಯೂ ಹಂಚಿಕೊಂಡು ಸಾಗುವವನು ಕಡಿಮೆ ತೆಗೆದುಕೊಳ್ಳುತ್ತಾನೆ.

ಅಭಯದಾನ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಮೊದಲಿನ ಮೂರಕ್ಕೆ ಸಮಾಜದಲ್ಲಿ ದಾನಿಗಳ ಕೊರತೆಯಿಲ್ಲ. ಅಭಯದಾನವೆಂದರೆ ಕಸಾಯಿಖಾನೆಯಿಂದ ಪ್ರಾಣಿಗಳನ್ನು ಬಿಡಿಸುವುದು ಎಂಬ ಅರ್ಥ ರೂಢಿಯಲ್ಲಿದೆ, ಅದು ಪುಣ್ಯಕಾರ್ಯವೇ. ಆದರೆ ಭಯದಿಂದ ರಸ್ತೆ ದಾಟುವ ಮಗುವಿಗೆ, ಭಯದಿಂದ ಮನೆಯಲ್ಲಿ ಕುಳಿತ ಮುದುಕಿಗೆ ಭಯವನ್ನು ಕಳೆಯುವುದೂ ಅಭಯದಾನವೇ ಆಗಿದೆ.

ಮಂದಿರಗಳ ವಿಶ್ವಸ್ತ ಮಂಡಳಿಗಳು ಇದನ್ನು ತಮ್ಮ ಅಂಗಳದಿಂದ ಆರಂಭಿಸಬಹುದು. ಮಂದಿರದ ಆವರಣದ ಗೋಡೆ, ಮೆಟ್ಟಿಲು, ಕಮಾನುಗಳು ತಮ್ಮ ಎಲ್ಲೆಯೊಳಗೆ ಇವೆಯೇ ಎಂದು ಮೊದಲು ಅಳೆಯಲಿ. ಮೆಟ್ಟಿಲಿನ ಪಕ್ಕಕ್ಕೆ ಒಂದಕ್ಕೆ ಹನ್ನೆರಡರ ಇಳಿಜಾರನ್ನೂ ಹಿಡಿಯಲು ಕಂಬಿಯನ್ನೂ ಮಾಡಿಸಲಿ. ಶ್ರವಣಬೆಳಗೊಳದಲ್ಲಿ ಬೆಟ್ಟ ಏರಲಾರದವರಿಗೆ ಡೋಲಿಯ ಏರ್ಪಾಟಿದೆ. ಊರಿನ ಮಂದಿರಕ್ಕೆ ಡೋಲಿ ಬೇಡ, ಇಳಿಜಾರು ಸಾಕು. ಉತ್ಸವ, ಪ್ರವಚನಗಳ ದಿನ ವಾಹನಗಳನ್ನು ಬೀದಿಯಲ್ಲಿ ನಿಲ್ಲಿಸದೆ ದೂರದ ಬಯಲೊಂದರಲ್ಲಿ ನಿಲ್ಲಿಸುವ ಕಟ್ಟುಪಾಡು ಮಾಡಲಿ. ಬಸ್ ನಿಲ್ದಾಣದಿಂದ ಮಂದಿರದವರೆಗೆ ಹಿರಿಯರೊಬ್ಬರನ್ನು, ಗಾಲಿಕುರ್ಚಿಯವರೊಬ್ಬರನ್ನು, ಮಗುವೊಂದನ್ನು ಜೊತೆಗೆ ಕರೆದುಕೊಂಡು ನಡೆದು, ಎಲ್ಲಿ ಇಳಿಯಬೇಕಾಯಿತು, ಎಲ್ಲಿ ಹೆದರಬೇಕಾಯಿತು ಎಂಬುದನ್ನು ಬರೆದು ನಗರಸಭೆಗೆ ಅಥವಾ ಪುರಸಭೆಗೆ ಕೊಡಲಿ. ವರ್ತಕ ಬಂಧುಗಳು ಒಬ್ಬೊಬ್ಬರಾಗಿ ಕಟ್ಟೆ ಒಡೆಯುವ ಬದಲು ಒಂದು ಬೀದಿಯವರೆಲ್ಲರೂ ಕೂಡಿ ಒಂದೇ ದಿನ ಹಿಂದೆ ಸರಿಯುವ ನಿರ್ಣಯ ಮಾಡಿದರೆ ಯಾರ ಅಂಗಡಿಗೂ ನಷ್ಟವಿಲ್ಲ, ಯಾರಿಗೂ ನಗೆಪಾಟಲಿಲ್ಲ. ಬೇಸಿಗೆಯ ಅರವಟ್ಟಿಗೆಯ ಪಕ್ಕದಲ್ಲಿ ಒಂದು ಕಲ್ಲಿನ ಆಸನ, ಅದಕ್ಕೆ ನೆರಳಾಗಿ ಒಂದು ಬೇವಿನ ಸಸಿ, ಅದರ ಸುತ್ತ ಮುಳ್ಳುಬೇಲಿ ಇವುಗಳ ಖರ್ಚು ಒಂದು ಸಮಾರಂಭದ ಹೂವಿನ ಖರ್ಚಿಗಿಂತ ಹೆಚ್ಚಾಗಲಾರದು. ಪಾಠಶಾಲೆಯ ಮಕ್ಕಳಿಗೆ ಈರ್ಯಾ ಸಮಿತಿಯ ಪಾಠ ಹೇಳುವಾಗ ತಮ್ಮ ಶಾಲೆಯ ಮುಂದಿನ ರಸ್ತೆಯ ನಕ್ಷೆಯನ್ನು ಅವರಿಂದಲೇ ಬರೆಯಿಸಿದರೆ ವ್ರತದ ಅರ್ಥ ಬೇಗನೆ ತಿಳಿಯುತ್ತದೆ.

ಮಸ್ಕಿಯಲ್ಲಿ ಹೊಸ ಕಚೇರಿಗಳು, ಸಿಂಧನೂರಿನಲ್ಲಿ ರೈಲು ನಿಲ್ದಾಣದ ಸುತ್ತಲಿನ ಬಡಾವಣೆಗಳು, ಲಿಂಗಸುಗೂರಿನಲ್ಲಿ ರೈಲುಮಾರ್ಗದೊಡನೆ ಬರುವ ರಸ್ತೆಗಳು ಮುಂದಿನ ವರ್ಷಗಳಲ್ಲಿ ರೂಪುಗೊಳ್ಳುವ ಸಂಗತಿಗಳು. ಅಳತೆಯ ಪಟ್ಟಿ ಎಳೆಯುವ ದಿನ ನಡೆಯುವವರ ಪರವಾಗಿ ಮಾತನಾಡುವವರು ಸಭೆಯಲ್ಲಿ ಇರಬೇಕು. ನಡೆಯುವವರು ಬಹುಸಂಖ್ಯಾತರಾದರೂ ಅವರಿಗೆ ಸಂಘವಿಲ್ಲ. ನಡಿಗೆಯನ್ನು ಧರ್ಮವೆಂದು ತಿಳಿದ ಸಮಾಜವು ಅವರ ಪರವಾಗಿ ಆರು ಅಡಿ ನೆಲವನ್ನು ಕೇಳುವುದು, ಮೊದಲು ತನ್ನ ಪಾಲಿನಿಂದ ಅದನ್ನು ಬಿಟ್ಟುಕೊಟ್ಟು ಕೇಳುವುದು, ಯೋಗ್ಯವೂ ಕರ್ತವ್ಯವೂ ಆಗಿದೆ.